ದಿಂಬಿನ ಮೇಲೊಂದು ಕಾಲು

ತೆಂಗಿನಕಾಯಿ ಕೆಡವಿಸಿದ ದಿನ ಅಂಗಳದಲ್ಲಿ ರಾಶಿ ಬೀಳುತ್ತದೆ. ಬುಕ್ಕಾಂಬುಧಿ ಕೆರೆಯ ಆಚೀಚಿನ ಊರುಗಳಲ್ಲಿ ಇದು ಹೊಸದಲ್ಲ. ರಾಶಿ ದಾಟಲು ಹೋಗಿ ಜಾರುವುದೂ ಹೊಸದಲ್ಲ. ಹೆಚ್ಚಿನವರು ಬೀಳುತ್ತಾರೆ, ಏಳುತ್ತಾರೆ, ಸೀರೆ ಕೊಡವಿಕೊಂಡು, ಯಾರಾದರೂ ನೋಡಿಬಿಟ್ಟರೇನೋ ಎಂದು ಸುತ್ತ ಕಣ್ಣಾಡಿಸಿ ಒಳಗೆ ಹೋಗುತ್ತಾರೆ.

ಶಾಂಭವಿ ಏಳಲಿಲ್ಲ. ಕೂಗಲೂ ಇಲ್ಲ.

ಗಂಡ ರುದ್ರಮೂರ್ತಿ ಕೊಟ್ಟಿಗೆಯಿಂದ ಬಂದು ನೋಡಿದಾಗ ಅವಳು ಕಾಯಿಗಳ ನಡುವೆ ಕುಳಿತು ತನ್ನ ಬಲಗಾಲನ್ನೇ ನೋಡುತ್ತಿದ್ದಳು. ಪಾದ ಪಕ್ಕಕ್ಕೆ ತಿರುಗಿಕೊಂಡಿತ್ತು.

“ರೀ, ಮೋಡ ಆಗಿದೆ. ಕಾಯಿ ಒಳಗೆ ಹಾಕ್ಸಿ,” ಎಂದಳು. ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಅದು ಹಾಗಿದ್ದ ಮನೆ. ಅಲ್ಲಿ ಜಗಳ ಇರಲಿಲ್ಲ, ಮಾತೂ ಕಡಿಮೆ. ರುದ್ರಮೂರ್ತಿ ತೋಟದಿಂದ ಬಂದರೆ ಕೈಗೆ ಚೊಂಬು ಬರುತ್ತಿತ್ತು. ಅತ್ತೆ ಹುಚ್ಚಮ್ಮ ಕೆಮ್ಮಿದರೆ ಬಿಸಿನೀರು ಬರುತ್ತಿತ್ತು. ಒಬ್ಬರಿಗೊಬ್ಬರು ಬೇಕಾದದ್ದು ಕೇಳದೆಯೇ ಸಿಗುತ್ತಿತ್ತು. ಹಾಗಾಗಿ ಕೇಳುವ, ಹೇಳುವ ಅಭ್ಯಾಸ ಯಾರಿಗೂ ಆಗಿರಲಿಲ್ಲ.

ತರೀಕೆರೆಯ ಆಸ್ಪತ್ರೆಯಲ್ಲಿ ಕಾಲಿನ ಗಿಣ್ಣಿಗೆ ಆಪರೇಷನ್ ಆಯಿತು. ಎರಡೂ ಕಡೆ ಮೂಳೆ ಮುರಿದಿತ್ತು. ಪ್ಲೇಟು ಇಟ್ಟು ಸ್ಕ್ರೂ ಹಾಕಿ, ಮೊಣಕಾಲಿನ ಕೆಳಗಿನಿಂದ ಬೆರಳಿನ ಬುಡದವರೆಗೆ ಹಿಂದುಗಡೆ ಮಾತ್ರ ಗಟ್ಟಿ ಇರುವ ಪಟ್ಟಿ ಕಟ್ಟಿದರು. ಬೆರಳುಗಳಷ್ಟೇ ಹೊರಗೆ ಕಾಣುತ್ತಿದ್ದವು. ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವ ಮೊದಲು ನರ್ಸ್ ಶಾಂಭವಿಯ ಬಳೆ, ಕಾಲುಂಗುರ ಎಲ್ಲ ತೆಗೆಸಿ, ಹತ್ತಿಯಲ್ಲಿ ಸುತ್ತಿ ರುದ್ರಮೂರ್ತಿಯ ಕೈಗೆ ಕೊಟ್ಟಿದ್ದರು.

ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದರು. “ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಲಿ. ಕೆಳಗೆ ದಿಂಬು ಇಡಿ. ಬೆರಳು ಆಗಾಗ ಆಡಿಸ್ತಾ ಇರ್ಲಿ. ನಾವು ಹೇಳೋವರೆಗೆ ಆ ಕಾಲು ನೆಲಕ್ಕೆ ಊರೋ ಹಾಗಿಲ್ಲ. ಬೆರಳು ಬಣ್ಣ ಬದಲಾದ್ರೆ, ಜೋಮು ಹಿಡಿದ್ರೆ, ಮಾತ್ರೆ ನುಂಗಿದ್ರೂ ನೋವು ಏರ್ತಾನೇ ಇದ್ರೆ ತಕ್ಷಣ ಬನ್ನಿ, ಕಾಯಬೇಡಿ.”

ರುದ್ರಮೂರ್ತಿ ಎಲ್ಲದಕ್ಕೂ “ಹೂಂ” ಅಂದ. ಮನೆಗೆ ಬಂದು ತಾಯಿಗೆ ಹೇಳಿದ್ದು ಒಂದೇ ಮಾತು: “ಕಾಲು ಮೇಲಿಟ್ಟಿರ್ಬೇಕಂತೆ ಕಣವ್ವಾ.”

ಹುಚ್ಚಮ್ಮ ಎರಡು ದಿಂಬು ಜೋಡಿಸಿ ಸೊಸೆಯ ಕಾಲನ್ನು ಅದರ ಮೇಲೆ ಇಟ್ಟಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ನೋಡಲು ಬರುವವರು ಶುರುವಾದರು.

ನಮ್ಮ ಕಡೆ ಯಾರಾದರೂ ಮಲಗಿದರೆ ಊರೇ ಬರುತ್ತದೆ. ಬ್ರೆಡ್ಡು, ಬಾಳೆಹಣ್ಣು ಹಿಡಿದು ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ. ಮೊದಲು ಬಂದವರು ಚನ್ನಬಸಪ್ಪ, ಹುಚ್ಚಮ್ಮನ ಗಂಡನ ಅಣ್ಣ. ಮನೆಗೆಲ್ಲ ಹಿರಿಯರು. ಅವರ ಚಪ್ಪಲಿಯ ಸದ್ದು ಜಗಲಿಯಲ್ಲಿ ಕೇಳಿದ್ದೇ ತಡ, ಶಾಂಭವಿ ದಿಂಬಿನ ಮೇಲಿದ್ದ ಕಾಲನ್ನು ಎರಡು ಕೈಯಲ್ಲಿ ಎತ್ತಿ ಮಂಚದ ಕೆಳಗೆ ಇಳಿಬಿಟ್ಟಳು. ಹಿರಿಯರ ಮುಖಕ್ಕೆ ಪಾದ ತೋರಿಸಿಕೊಂಡು ಮಲಗುವುದು ಹೇಗೆ? ತಲೆಯ ಮೇಲೆ ಸೆರಗು ಎಳೆದುಕೊಂಡು ನೆಟ್ಟಗೆ ಕುಳಿತಳು.

“ಹೆಂಗಿದ್ದೀಯವ್ವಾ?”

“ಚೆನ್ನಾಗಿದ್ದೀನಿ, ದೊಡ್ಡ ಮಾವ.”

ಚನ್ನಬಸಪ್ಪನವರು ಮಳೆ, ತೆಂಗಿನ ಧಾರಣೆ, ಎಮ್ಮೆದೊಡ್ಡಿ ಕಾವಲಿನ ಕಡೆ ಕಂಡ ಚಿರತೆಯ ಸುದ್ದಿ ಎಲ್ಲ ಮಾತಾಡಿದರು. ಕಾಫಿ ಕುಡಿದರು. ಅಷ್ಟು ಹೊತ್ತೂ ಕಾಲು ಇಳಿಬಿದ್ದೇ ಇತ್ತು. ಅವರು ಹೋದರು, ಇನ್ನೊಬ್ಬರು ಬಂದರು. ಅವರೂ ಹಿರಿಯರೇ.

ಮರುದಿನ ಕಡೂರಿನಿಂದ ಹುಚ್ಚಮ್ಮನ ತಂಗಿ ಬಂದಳು. ರುದ್ರಮೂರ್ತಿಗೆ ಚಿಕ್ಕಮ್ಮ. ಕಣ್ಣು ಚುರುಕು, ಬಾಯಿ ಇನ್ನೂ ಚುರುಕು. ಶಾಂಭವಿಯ ಬೆರಳು ನೋಡಿ ಕೂರುವ ಮೊದಲೇ ಕೇಳಿದಳು.

“ಅಯ್ಯೋ, ಕಾಲುಂಗುರ ಎಲ್ಲೇ? ಬರಿಗಾಲು ಬಿಟ್ಕೊಂಡು ಮಲಗಿದ್ದೀಯಲ್ಲ! ಅಕ್ಕಾ, ನೀನಾದ್ರೂ ನೋಡ್ಬಾರ್ದೇನೇ? ಮಗ ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದ್ದಾನೆ, ಸೊಸೆ ಕಾಲು ನೋಡಿದ್ರೆ...”

ಮಾತನ್ನು ಅವಳು ಪೂರ್ತಿ ಮಾಡಲಿಲ್ಲ. ಪೂರ್ತಿ ಮಾಡಬೇಕಾಗಿಯೂ ಇರಲಿಲ್ಲ. ಹುಚ್ಚಮ್ಮನ ಮುಖ ಬಿಳಿಚಿತು. ತಂಗಿ ಬಸ್ಸು ಹತ್ತಿ ಹೋದ ಮೇಲೆ ಅವಳು ಗೂಡಿನಲ್ಲಿದ್ದ ಹತ್ತಿಯ ಗಂಟು ಬಿಚ್ಚಿದಳು. ಎಡಗಾಲಿಗೆ ಉಂಗುರ ಸಲೀಸಾಗಿ ಹೋಯಿತು. ಬಲಗಾಲಿನ ಬೆರಳು ಆಗಲೇ ಸ್ವಲ್ಪ ಊದಿತ್ತು. ಕೊಬ್ಬರಿ ಎಣ್ಣೆ ಸವರಿ, ಮೆಲ್ಲಗೆ ತಿರುಗಿಸುತ್ತ ಒಳಗೆ ತಳ್ಳಿದಳು.

“ನೋಯುತ್ತೇನೇ?”

“ಇಲ್ಲ ಅತ್ತೆ.”

ಹುಚ್ಚಮ್ಮ ನಿಟ್ಟುಸಿರು ಬಿಟ್ಟು ಸೊಸೆಯ ಹಣೆ ಸವರಿದಳು. ಅವಳ ಕೈಯಲ್ಲಿ ಒರಟುತನವಿರಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು.

ನೆಂಟರು ಬರುತ್ತಲೇ ಇದ್ದರು. ಕಾಲು ಇಳಿಯುತ್ತಲೇ ಇತ್ತು. ಇಳಿದ ಕಾಲು ಊದಿತು. ಬೆರಳು ದಪ್ಪವಾಯಿತು, ಉಂಗುರ ದೊಡ್ಡದಾಗಲಿಲ್ಲ. ಬೆರಳಿನಲ್ಲಿ ಮೊದಲು ಉರಿ ಬಂತು, ಆಮೇಲೆ ಬಡಿತ. ಕೊನೆಗೆ ಬೆರಳು ತನ್ನದಲ್ಲ ಎನ್ನುವ ಹಾಗೆ ಮರಗಟ್ಟಿತು. ಶಾಂಭವಿ ಪಾದದ ಮೇಲೆ ದುಪ್ಪಟಿ ಎಳೆದುಕೊಂಡಳು.

ರುದ್ರಮೂರ್ತಿ ತೋಟಕ್ಕೆ ಹೊರಡುವ ಮೊದಲು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ನೋವು ಹೆಂಗಿದೆ?”

“ಪರವಾಗಿಲ್ಲ.”

ಅವನಿಗೆ ಅನುಮಾನವಿತ್ತು. ಅವಳು ರಾತ್ರಿ ನಿದ್ದೆ ಮಾಡುತ್ತಿಲ್ಲ ಎಂಬುದು ಗೊತ್ತಿತ್ತು. ಆದರೂ ಇನ್ನೊಂದು ಸಲ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹೇಳಿದರೆ ಅತ್ತೆ ನೊಂದುಕೊಳ್ಳುತ್ತಾಳೆ, ಗಂಡ ಕೆಲಸ ಬಿಟ್ಟು ಕೂರುತ್ತಾನೆ, ಆಪರೇಷನ್ ಆದ ಮೇಲೆ ಇಷ್ಟು ನೋವು ಇದ್ದದ್ದೇ ಎಂದುಕೊಂಡಳು. ನೋವನ್ನು ನುಂಗುವುದು ಅವಳಿಗೆ ಯಾರೂ ಕಲಿಸಿಕೊಟ್ಟ ವಿದ್ಯೆಯಲ್ಲ. ನೋಡಿ ನೋಡಿ ಬಂದದ್ದು.

ಅಂಥ ಒಂದು ಬೆಳಿಗ್ಗೆ ಊರಿನ ಆರೋಗ್ಯ ಕೇಂದ್ರದ ನರ್ಸ್ ಅಕ್ಷತಾ ಬಂದಳು. ಮನೆ ಮನೆಗೆ ಬಿ.ಪಿ. ನೋಡುತ್ತ ಹೊರಟವಳು, ಹುಚ್ಚಮ್ಮನ ತೋಳಿಗೆ ಪಟ್ಟಿ ಸುತ್ತುತ್ತ ಕೇಳಿದಳು.

“ಅಜ್ಜಿ, ಉಪ್ಪಿನಕಾಯಿ ಬಿಟ್ರಾ?”

“ಬಿಟ್ಟೆ ಕಣವ್ವಾ.”

“ಮತ್ತೆ ಬಾಯಿ ಕೆಂಪಗಿದೆ?”

“ಎಲೆ ಅಡಿಕೆ. ಅದನ್ನೂ ಬಿಡು ಅಂದ್ರೆ ಉಸಿರಾಡೋದೂ ಬಿಡ್ತೀನಿ, ಬರ್ಕೋ.”

ಅಕ್ಷತಾ ನಗುತ್ತ ಶಾಂಭವಿಯ ಮಂಚದ ಕಡೆ ಬಂದಳು. “ಅಕ್ಕಾ, ಎಲ್ಲಿ, ಬೆರಳು ಆಡಿಸಿ ನೋಡೋಣ.”

“ಚೆನ್ನಾಗಿದ್ದೀನಿ ಕಣಮ್ಮ.”

“ಚೆನ್ನಾಗಿದ್ರೆ ಆಡುತ್ತಲ್ಲ, ಆಡಿಸಿ.” ಅಷ್ಟು ಹೇಳಿ ದುಪ್ಪಟಿ ಸರಿಸಿದಳು.

ಅಕ್ಷತಾಳ ನಗು ನಿಂತಿತು. ಹೆಬ್ಬೆರಳಿನ ಪಕ್ಕದ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಂಗುರ ಕಾಣುತ್ತಿರಲಿಲ್ಲ, ಮಾಂಸದೊಳಗೆ ಹೂತಿತ್ತು. ಅಂಚಿನಲ್ಲಿ ಚರ್ಮ ಒಡೆದು ಕೀವು ಕಟ್ಟಲು ಶುರುವಾಗಿತ್ತು. ಅಕ್ಷತಾ ಬೆರಳ ತುದಿಯನ್ನು ಒತ್ತಿದಳು.

“ಗೊತ್ತಾಗುತ್ತಾ?”

ಶಾಂಭವಿ ತಲೆ ಅಲ್ಲಾಡಿಸಿದಳು. ಇಲ್ಲ.

“ಕಾಲುಂಗುರ ಯಾರು ಹಾಕಿದ್ದು?”

ಹುಚ್ಚಮ್ಮ ಮುಂದೆ ಬಂದಳು. “ನಾನೇ ಹಾಕ್ದೆ. ಯಾಕೆ?”

“ಅಜ್ಜಿ, ಈ ಉಂಗುರ ಈಗಲೇ ತೆಗೀಬೇಕು. ನಿಮ್ಮ ತೋಟದಲ್ಲಿ ಡ್ರಿಪ್ ಪೈಪಿದೆಯಲ್ಲ, ಅದರ ಮೇಲೆ ಗಾಡಿ ಚಕ್ರ ನಿಂತ್ರೆ ಮುಂದಿನ ಗಿಡಕ್ಕೆ ನೀರು ಹೋಗುತ್ತಾ? ಇವ್ರ ಬೆರಳಿಗೆ ರಕ್ತ ಹೋಗ್ತಿಲ್ಲ. ಹಿಂಗೇ ಬಿಟ್ರೆ ಬೆರಳು ಸಾಯುತ್ತೆ. ಕೀವು ಮೇಲಕ್ಕೆ ಏರಿದ್ರೆ ಒಳಗಿರೋ ಪ್ಲೇಟಿಗೂ ತಗಲುತ್ತೆ. ಆಮೇಲೆ ಮಾಡಿದ ಆಪರೇಷನ್ ಎಲ್ಲಾ ಹಾಳು.”

“ಆಪರೇಷನ್ ಮಾಡಿದ ಕಾಲು ಊದದೇ ಇರುತ್ತಾ? ಇಳಿಯುತ್ತೆ ಬಿಡು. ಬರಿಗಾಲು ಬಿಡಕ್ಕಾಗಲ್ಲ.”

“ಎಡಗಾಲಲ್ಲಿ ಇದೆಯಲ್ಲ ಅಜ್ಜಿ. ಅಣ್ಣನಿಗೆ ಅರ್ಧ ಆಯಸ್ಸಾದ್ರೂ ಗ್ಯಾರಂಟಿ.”

“ಬಿಡ್ತು ಅನ್ನೇ! ಬಿಡ್ತು ಅನ್ನು!” ಹುಚ್ಚಮ್ಮ ಕೂಗಿದಳು.

ತಾನು ತಮಾಷೆ ಮಾಡಬಾರದ ಕಡೆ ತಮಾಷೆ ಮಾಡಿದೆ ಎಂದು ಅಕ್ಷತಾಗೆ ತಿಳಿಯಿತು. “ತಪ್ಪಾಯ್ತಜ್ಜಿ. ಬಿಡ್ತು,” ಎಂದಳು.

ಕೂಗು ಕೇಳಿ ರುದ್ರಮೂರ್ತಿ ಹಿತ್ತಲಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಹೆಂಡತಿಯ ಬೆರಳು ನೋಡಿದ. ಹುಚ್ಚಮ್ಮ ನೆಲದ ಮೇಲೆ ಕುಳಿತು ತನ್ನ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಕೆಳಗೆ ನೋಡುತ್ತಲೇ ಹೇಳಿದಳು.

“ಇವರಪ್ಪ ಹೋದಾಗ ನನ್ನ ಕಾಲಿಂದ ತೆಗುದ್ರಲ್ಲ, ಬರ್ತಾನೇ ಇರ್ಲಿಲ್ಲ ಅದು. ಎಳೆದು ಎಳೆದು ತೆಗುದ್ರು. ಆವತ್ತಿಂದ ಬರಿಬೆರಳು ನೋಡಿದ್ರೆ ನನಗೆ ಜೀವ ಹಾರೋಗುತ್ತೆ. ಇವಳ ಕಾಲು ನೋಡ್ದಾಗೆಲ್ಲ ಇವನ ಮುಖ ನೋಡ್ತಿದ್ದೆ. ಇವನಿಗೆ ಏನಾದ್ರೂ...”

ಇಷ್ಟು ವರ್ಷಗಳಲ್ಲಿ ಅವಳು ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಶಾಂಭವಿ ಅತ್ತೆಯ ಸೀರೆಯಂಚನ್ನೇ ನೋಡುತ್ತಿದ್ದಳು.

ರುದ್ರಮೂರ್ತಿ ತಾಯಿಯ ಎದುರು ಕುಕ್ಕರಗಾಲಲ್ಲಿ ಕುಳಿತ.

“ಅವ್ವಾ, ಆ ಉಂಗುರ ನನ್ನ ಆಯಸ್ಸಿಗೆ ತಾನೇ?”

“ಹೂಂ.”

“ಹಂಗಾದ್ರೆ ಅವಳ ಕಾಲು ವಾಸಿ ಆಗೋವರೆಗೂ ನನ್ನ ಹತ್ರನೇ ಇರ್ಲಿ. ಉಡಿದಾರಕ್ಕೆ ಕಟ್ಕೋತೀನಿ. ನನ್ನ ಆಯಸ್ಸು ನನ್ನ ಸೊಂಟದಲ್ಲೇ ಭದ್ರವಾಗಿರುತ್ತೆ.”

ಹುಚ್ಚಮ್ಮ ಮಗನ ಮುಖ ನೋಡಿದಳು. ಅಳು ಬರುವ ಜಾಗದಲ್ಲಿ ಅವಳಿಗೆ ನಗು ಬಂತು. “ಗಂಡಸು ಕಾಲುಂಗುರ ಕಟ್ಕೊಂಡು ತಿರುಗ್ತಾನಂತೆ! ಲೇ, ಊರಲ್ಲಿ ಯಾರಿಗೂ ಹೇಳ್ಬೇಡ ಕಣೋ.”

“ಅಂಗಿ ಒಳಗಿರುತ್ತೆ, ಯಾರು ನೋಡ್ತಾರೆ?”

“ತೆಗಿ ಅಕ್ಷತಾ,” ಎಂದಳು ಹುಚ್ಚಮ್ಮ.

ಅಕ್ಷತಾ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಸ್ವಲ್ಪ ಹೊತ್ತು ಬಿಟ್ಟಳು. ಸೋಪಿನ ನೀರು ಹಾಕಿ ನೋಡಿದಳು. ಉಂಗುರ ಜಗ್ಗಲಿಲ್ಲ. “ಬಲವಂತ ಮಾಡಬಾರದು, ಚರ್ಮ ಕಿತ್ತು ಬರುತ್ತೆ. ಆಸ್ಪತ್ರೆಯಲ್ಲಿ ಕತ್ತರಿಸೋ ಸಲಕರಣೆ ಇರುತ್ತೆ,” ಎಂದು ತರೀಕೆರೆಗೆ ಫೋನ್ ಮಾಡಿದಳು. ಕೂಡಲೇ ಕರೆತನ್ನಿ ಎಂದರು.

ಪಕ್ಕದ ಮನೆಯ ತೀರ್ಥಪ್ಪನ ಕಾರು ಬಂತು. ಹಿಂದಿನ ಸೀಟಿನಲ್ಲಿ ಶಾಂಭವಿಯನ್ನು ಒರಗಿಸಿ ಕೂರಿಸಿದರು. ಕಾಲು ಎತ್ತರದಲ್ಲಿರಬೇಕಿತ್ತು. ಅವಸರದಲ್ಲಿ ಒಂದೇ ದಿಂಬು ತಂದಿದ್ದರು, ಅದು ಸಾಲಲಿಲ್ಲ. ಹುಚ್ಚಮ್ಮ ಆ ಕಡೆಯ ಬಾಗಿಲಿಂದ ಹತ್ತಿದಳು, ದಿಂಬನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಅದರ ಮೇಲೆ ಸೊಸೆಯ ಕಾಲನ್ನು ಎತ್ತಿಟ್ಟುಕೊಂಡಳು.

ಶಾಂಭವಿ ಬೆಚ್ಚಿದಳು. “ಅತ್ತೆ, ಬೇಡ! ನಿಮ್ಮ ಮೈಮೇಲೆ ಕಾಲು...” ಎಂದು ಎಳೆದುಕೊಳ್ಳಲು ಹೋದಳು.

“ಸುಮ್ನಿರೇ. ಅಲ್ಲಾಡಬೇಡ.” ಹುಚ್ಚಮ್ಮ ಎರಡೂ ಕೈಯಿಂದ ಪಟ್ಟಿಯನ್ನು ಹಿಡಿದುಕೊಂಡಳು. “ನಿನ್ನ ಕಾಲು ನನಗೇನು ಭಾರ?”

ರಸ್ತೆಯ ಹಳ್ಳ ದಿಣ್ಣೆಗಳಲ್ಲೆಲ್ಲ ಹುಚ್ಚಮ್ಮ ಆ ಕಾಲನ್ನು ಕಂಕುಳ ಕೂಸಿನಂತೆ ಎತ್ತಿ ಹಿಡಿದಿದ್ದಳು. ಮುಂದಿನ ಸೀಟಿನಲ್ಲಿದ್ದ ರುದ್ರಮೂರ್ತಿ ಒಂದು ಸಲ ತಿರುಗಿ ನೋಡಿದ. ಆಮೇಲೆ ರಸ್ತೆ ನೋಡುತ್ತ ಕುಳಿತ.

ಆಸ್ಪತ್ರೆಯಲ್ಲಿ ಉಂಗುರವನ್ನು ಕತ್ತರಿಸಿ ತೆಗೆದರು. ರುದ್ರಮೂರ್ತಿ ಅದನ್ನು ಅಲ್ಲೇ ಉಡಿದಾರಕ್ಕೆ ಕಟ್ಟಿಕೊಂಡ. ಬೆರಳಿಗೆ ಬಣ್ಣ ಮೆಲ್ಲಗೆ ಮರಳಿತು. ಮರಳುವಾಗ ಬೆಂಕಿ ಇಟ್ಟ ಹಾಗೆ ಉರಿಯಿತು. ಶಾಂಭವಿ ಹಲ್ಲು ಕಚ್ಚಿಕೊಂಡಳು.

“ಉರಿ ಬಂತಾ? ಒಳ್ಳೇದು. ಬೆರಳು ಬದುಕಿದೆ,” ಎಂದರು ಡಾಕ್ಟರು. “ಇನ್ನೂ ತಡ ಮಾಡಿದ್ರೆ ಬೆರಳು ತೆಗೀಬೇಕಾಗ್ತಿತ್ತು. ಇಷ್ಟು ದಿನ ನೋವು ಅಂತ ಯಾಕಮ್ಮ ಹೇಳಲಿಲ್ಲ?”

ಶಾಂಭವಿ ಅತ್ತೆಯ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. “ಕೇಳಿದ್ರು,” ಎಂದಳು. “ನಾನೇ ಹೇಳಲಿಲ್ಲ.”

ಗಾಯ ತೊಳೆದು, ಮಾತ್ರೆ ಬದಲಿಸಿ, ಎರಡು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ಆಪರೇಷನ್‌ನ ಹೊಲಿಗೆಗೆ ಏನೂ ಆಗಿರಲಿಲ್ಲ. ಈ ಸಲ ಡಾಕ್ಟರು ಹೇಳಿದ್ದನ್ನು ಹುಚ್ಚಮ್ಮ ಮುಂದೆ ನಿಂತು ಕೇಳಿಸಿಕೊಂಡಳು.

ಮುಂದಿನ ವಾರ ಚನ್ನಬಸಪ್ಪನವರು ಮತ್ತೆ ಬಂದರು. ಚಪ್ಪಲಿಯ ಸದ್ದಿಗೆ ಶಾಂಭವಿಯ ಕೈ ಕಾಲಿನ ಕಡೆ ಹೋಯಿತು. ಹುಚ್ಚಮ್ಮ ಅಡುಗೆಮನೆಯಿಂದಲೇ ಕೂಗಿದಳು.

“ಇಳಿಸ್ಬೇಡ ಅಂದ್ನಲ್ಲ! ಭಾವ, ನೀವು ಆ ಕುರ್ಚಿ ತಗೊಂಡು ಅವಳ ತಲೆ ಕಡೆ ಕೂತ್ಕಳಿ. ಇನ್ನು ಯಾರೇ ಬಂದ್ರೂ ಆ ಕಾಲು ಇಳಿಯಲ್ಲ.”

ಚನ್ನಬಸಪ್ಪನವರು ಒಂದು ಗಳಿಗೆ ನಿಂತರು. ಆಮೇಲೆ ತಾವೇ ಕುರ್ಚಿ ಎತ್ತಿಕೊಂಡು ಮಂಚದ ಆ ತುದಿಗೆ ಹೋದರು.

“ನನಗೇನವ್ವಾ ಗೊತ್ತು? ಮೊದಲೇ ಹೇಳಿದ್ರೆ ಆವತ್ತೇ ಇಲ್ಲಿ ಕೂತ್ಕೋತಿದ್ದೆ,” ಎಂದರು.

ಅಷ್ಟೇ. ಅಷ್ಟು ಸುಲಭವಾಗಿತ್ತು ಅದು.

ವಾರಗಳು ಕಳೆದವು. ಎಕ್ಸ್‌ರೇ ನೋಡಿ ಡಾಕ್ಟರು ಮೂಳೆ ಕೂಡುತ್ತಿದೆ, ಇನ್ನು ವಾಕರ್ ಹಿಡಿದು ಸ್ವಲ್ಪ ಸ್ವಲ್ಪವೇ ಭಾರ ಹಾಕಿ ನಡೆಯಿರಿ ಎಂದರು. ಈಗ ಹೆದರುವ ಸರದಿ ಶಾಂಭವಿಯದು. ಪಾದ ನೆಲಕ್ಕೆ ತಾಗಿದರೆ ಸಾಕು, ಕಾಯಿ ರಾಶಿ ಜಾರಿದ ಸದ್ದು ಕಿವಿಯಲ್ಲಿ ಕೇಳುತ್ತಿತ್ತು. ಹುಚ್ಚಮ್ಮನೂ ಮನೆಗೆ ಬಂದ ಅಕ್ಷತಾಳ ಜೊತೆ ವಾದಕ್ಕೆ ನಿಂತಳು.

“ಪಾಪ, ಇನ್ನೊಂದಷ್ಟು ದಿನ ಮಲಗಿರ್ಲಿ ಬಿಡೇ. ನಾನು ಮಾಡಿ ಹಾಕ್ತೀನಿ.”

“ಅಜ್ಜಿ, ಮುಚ್ಚಿದ ಬಾಗಿಲು ವರ್ಷಗಟ್ಲೆ ತೆಗೀದಿದ್ರೆ ತಿರುಗುಣಿ ತುಕ್ಕು ಹಿಡಿಯಲ್ವಾ? ಗಿಣ್ಣೂ ಹಂಗೇ. ಊರಬೇಡಿ ಅಂದಾಗ ಊರಬಾರದು. ಊರಿ ಅಂದ ಮೇಲೆ ಮಲಗಬಾರದು. ಎರಡೂ ಔಷಧಿನೇ.”

“ಎಣ್ಣೆ ಹಾಕಿ ನೀವ್ಲಾ?”

“ಡಾಕ್ಟರ್ ಹೇಳ್ದೆ ಗಾಯದ ಮೇಲೆ ಎಣ್ಣೆನೂ ಬೇಡ, ನೀವೋದೂ ಬೇಡ. ರಾಗಿ, ಹಾಲು, ಹುರುಳಿಕಾಳು ಕೊಡಿ. ನೀವೋ ಆಸೆ ಇದ್ರೆ ನನ್ನ ಬೆನ್ನು ನೀವಿ. ಮನೆ ಮನೆ ತಿರುಗಿ ಸಾಕಾಗಿದೆ.”

ರುದ್ರಮೂರ್ತಿ ಅಂಗಳಕ್ಕೆ ಹೋದ. ಹೊಸದಾಗಿ ಕೆಡವಿಸಿದ್ದ ಕಾಯಿ ರಾಶಿಯನ್ನು ಬೇಲಿಯ ಕಡೆಗೆ ಸರಿಸಿದ. ಬಾಗಿಲಿಂದ ತುಳಸಿ ಕಟ್ಟೆಯವರೆಗೆ ಕಲ್ಲು, ಗರಿ, ಮಟ್ಟೆ ಏನೂ ಇಲ್ಲದ ಹಾಗೆ ದಾರಿ ಗುಡಿಸಿದ. ಹಿತ್ತಲ ಕಕ್ಕಸಿಗೆ ಕುರ್ಚಿ ಕಮೋಡ್ ತಂದಿಟ್ಟ. ಮರುದಿನ ಬೆಳಿಗ್ಗೆ ಬಂದು ವಾಕರನ್ನು ಹೆಂಡತಿಯ ಮುಂದೆ ಇಟ್ಟ.

“ನೋವಾದ್ರೆ ಹೇಳು. ನಿಲ್ಲಿಸೋಣ,” ಎಂದ.

ಅವಳು ಎದ್ದಳು. ಬಲಗಾಲು ನೆಲ ಮುಟ್ಟಿತು.

“ನೋಯುತ್ತೆ,” ಎಂದಳು.

“ಎಷ್ಟು?”

“ಸ್ವಲ್ಪ. ನಡೀಬಹುದು.”

ಅವರು ತುಳಸಿ ಕಟ್ಟೆಯವರೆಗೆ ಹೋದರು. ಬಹಳ ನಿಧಾನವಾಗಿ. ದಾರಿಯಲ್ಲಿ ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಅಷ್ಟು ಮಾತಾಡಿದ್ದು ಅಪರೂಪ.

ಬೇಸಿಗೆಯ ಹೊತ್ತಿಗೆ ಶಾಂಭವಿ ವಾಕರ್ ಬಿಟ್ಟಳು. ಬೆರಳು ಪೂರ್ತಿ ವಾಸಿಯಾಗಿದೆ, ಇನ್ನು ಸಡಿಲವಾದ ಉಂಗುರ ಹಾಕಬಹುದು ಎಂದು ಡಾಕ್ಟರೇ ಹೇಳಿದ್ದರು. ಹುಚ್ಚಮ್ಮ ಮಗನ ಉಡಿದಾರ ಬಿಚ್ಚಿಸಿ, ಕತ್ತರಿಸಿದ ಬೆಳ್ಳಿಯನ್ನು ಅಜ್ಜಂಪುರದ ಅಕ್ಕಸಾಲಿಗರ ಹತ್ತಿರ ಒಯ್ದು, ಸ್ವಲ್ಪ ದೊಡ್ಡದಾಗಿ ಮಾಡಿಸಿ ತಂದಳು. ಸೊಸೆಯ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಈ ಸಲ ಶಾಂಭವಿ ಕಾಲು ಹಿಂದೆಗೆಯಲಿಲ್ಲ. ಉಂಗುರ ಬೆರಳಿನ ಅರ್ಧಕ್ಕೆ ಹೋಗಿತ್ತು.

“ನೋಯುತ್ತೇನೇ?” ಹುಚ್ಚಮ್ಮ ಕೇಳಿದಳು.

ಶಾಂಭವಿ ಅತ್ತೆಯ ಮುಖ ನೋಡಿದಳು.

“ಹೂಂ ಅತ್ತೆ. ನೋಯುತ್ತೆ.”

ಹುಚ್ಚಮ್ಮನ ಕೈ ನಿಂತಿತು. ಉಂಗುರವನ್ನು ಮೆಲ್ಲಗೆ ಹಿಂದಕ್ಕೆ ಜಾರಿಸಿ ತೆಗೆದಳು.

“ರುದ್ರಾ, ಬಾರೋ ಇಲ್ಲಿ,” ಎಂದು ಕೂಗಿದಳು. “ಇನ್ನೊಂದಷ್ಟು ದಿನ ನೀನೇ ಕಟ್ಕೊಂಡಿರಪ್ಪಾ.”

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಕಾಲಿನ ಆಪರೇಷನ್ ಆಗಿ ಮಲಗಿರಬಹುದು. ಇವತ್ತೇ ಅವರ ದುಪ್ಪಟಿ ಸರಿಸಿ ಬೆರಳು ನೋಡಿ. ಆ ಕಾಲಿನಲ್ಲಿ ಉಂಗುರ, ಗೆಜ್ಜೆ, ಕಟ್ಟಿದ ದಾರ ಏನೂ ಬೇಡ. ಯಾರು ಬಂದರೂ ಕಾಲು ದಿಂಬಿನ ಮೇಲೇ ಇರಲಿ. ಬಂದವರು ತಲೆಯ ಕಡೆ ಕೂರಲಿ. ಬೆರಳು ನೀಲಿಯಾದರೆ, ತಣ್ಣಗಾದರೆ, ಮರಗಟ್ಟಿದರೆ, ನೋವು ಏರುತ್ತಲೇ ಹೋದರೆ, ಗಾಯದಿಂದ ವಾಸನೆ ಅಥವಾ ಕೀವು ಬಂದರೆ, ಜ್ವರ ಬಂದರೆ, ಮೀನಖಂಡ ಊದಿ ನೋವಾದರೆ ಸಂಜೆಯವರೆಗೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಎದೆ ನೋವು ಬಂದರೆ, ಉಸಿರು ಕಟ್ಟಿದರೆ ಆ ಕ್ಷಣವೇ ೧೦೮ಕ್ಕೆ ಫೋನ್ ಮಾಡಿ. ಬೀಡಿ, ಹೊಗೆಸೊಪ್ಪು ಮೂಳೆ ಕೂಡುವುದನ್ನು ತಡಮಾಡುತ್ತವೆ, ಬಿಟ್ಟುಬಿಡಿ. ಡಾಕ್ಟರು ಊರಬೇಡಿ ಎಂದಾಗ ಊರಬೇಡಿ, ನಡೆಯಿರಿ ಎಂದ ದಿನ ನಡೆಯಿರಿ.

ಮಲಗಿರುವವರು ನೀವೇ ಆಗಿದ್ದರೆ, ಮನೆಯವರು “ನೋಯುತ್ತಾ?” ಎಂದು ಕೇಳಿದಾಗ ನಿಜ ಹೇಳಿ. ಮನೆಯವರಾಗಿದ್ದರೆ, “ಪರವಾಗಿಲ್ಲ” ಎಂಬ ಉತ್ತರ ಬಂದ ಮೇಲೂ ಇನ್ನೊಂದು ಸಲ ಕೇಳಿ.